ಸೂಜಿ ಒಂದು ವೈಫೈ, ದಾರ ಇನ್ನೊಂದು

ನಮ್ಮ ಮನೆಯ ವೈಫೈಗೆ ಎರಡು ಹೆಸರಿವೆ. ಒಂದು ಸೂಜಿ, ಇನ್ನೊಂದು ದಾರ. ಮನೆಗೆ ಬಂದ ನೆಂಟರು ಮೊಬೈಲು ತೆಗೆದು ನೋಡಿ, "ಇದ್ಯಾರ ಮನೀದು?" ಎಂದು ಕೇಳುತ್ತಾರೆ. ನಮ್ಮದೇ ಎಂದರೆ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಆ ಹೆಸರಿನ ಕತೆ ಕೇಳಿಸದೆ ಪಾಸ್‌ವರ್ಡ್ ಕೊಡುವುದಿಲ್ಲ. ಕತೆ ಮುಗಿಯುವ ಹೊತ್ತಿಗೆ ಅವರ ಚಹಾ ಆರಿ ತಣ್ಣಗಾಗಿರುತ್ತದೆ. ಅವತ್ತಿನ ಸಂಜೆಯನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ಏನು ಮಾಡಲಿ.

ಆ ಹೆಸರುಗಳನ್ನು ವೈಫೈ ಪೆಟ್ಟಿಗೆಯೊಳಗೆ ಕೂಡಿಸಿದ ಮನುಷ್ಯ ಹೋದ ವಾರ ಫೋನು ಮಾಡಿದ್ದರು. ಕೆಲಸ ಬಿಟ್ಟರಂತೆ. ಏಣಿಯನ್ನು ಸುಣ್ಣ ಬಳಿಯಲು ಆಗಲಿ ಎಂದು ಖಾನಾಪುರದ ಬಸದಿಗೆ ಕೊಟ್ಟುಬಿಟ್ಟರಂತೆ.

"ತಂಗೀ, ಇನ್ನ ನಾ ಕಂಬ ಹತ್ತಂಗಿಲ್ಲವಾ. ಮೊಣಕಾಲ ಒಲ್ಲೆ ಅನ್ನಾಕತ್ತೈತಿ."

"ಹಂಗಾದ್ರ ನಾ ನಿಮ್ಮ ಮ್ಯಾಲ ಒಂದು ಲೇಖನ ಬರೀತೇನಿ, ಕಾಕಾ."

"ಬರಿ. ಆದ್ರ ಹೆಸರ ಹಾಕಬ್ಯಾಡ. ಹೆಸರ ಬಂತಂದ್ರ ನಂದಗಡದಿಂದ ಸಾಂಬ್ರಾತನಕ ಮಂದಿ ಫೋನ್ ಹಚ್ಚತಾರ, ನಮ್ಮ ಮನೀಗೂ ಒಮ್ಮಿ ಬಂದು ಹೋಗ್ರಿ ಅಂತಾರ. ಒಲ್ಲೆ ಅನ್ನೂದು ನನಗ ರೂಢಿ ಇಲ್ಲ."

ಆದ್ದರಿಂದ ಹೆಸರಿಲ್ಲ. ನಾನು ಕರೆಯುತ್ತಿದ್ದಂತೆ ಇಲ್ಲಿಯೂ ಅವರು ಬರೀ ಕಾಕಾ.

ಖಾನಾಪುರದ ಹಳೆಯ ಜೈನ ಮನೆತನದವರು ಅವರು. ಟೆಲಿಫೋನು ಖಾತೆಯಲ್ಲಿ ಲೈನ್‌ಮನ್ ಆಗಿ ಸೇರಿ, ತಾಲೂಕಿನ ಕಂಬಗಳನ್ನೆಲ್ಲ ಹತ್ತಿ ಇಳಿದು, ನಿವೃತ್ತರಾದ ಮರುವಾರವೇ ಒಂದು ಸಣ್ಣ ಇಂಟರ್‌ನೆಟ್ ಏಜೆನ್ಸಿಗೆ ಸೇರಿಕೊಂಡವರು. "ತಾಂಬ್ರದ ತಂತಿ ಹೋತು, ಗಾಜಿನ ತಂತಿ ಬಂತು. ಕಂಬ ಅವ ಅದಾವು, ಹತ್ತಾಂವನೂ ನಾನ ಇದ್ದೇನಿ," ಎನ್ನುತ್ತಿದ್ದರು. ತುಂಬುತೋಳಿನ ಬಿಳಿ ಅಂಗಿ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ಸ್ಕ್ರೂಡ್ರೈವರು, ಇಕ್ಕಳ, ತಂತಿಯ ಸುರುಳಿ, ಮತ್ತು ಮನೆಯಿಂದಲೇ ಸೋಸಿ ತಂದ ನೀರಿನ ಬಾಟಲಿ. ಯಾರ ಮನೆಯಲ್ಲಿ ಎಷ್ಟು ಹೊತ್ತು ದುಡಿದರೂ ಅವರು ಕುಡಿಯುತ್ತಿದ್ದುದು ಆ ನೀರನ್ನೇ.

ಅವರ ದಿನಕ್ಕೆ ಒಂದು ಗಟ್ಟಿ ಕಟ್ಟು ಇತ್ತು. ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. ಮುಳುಗಿತೆಂದರೆ ಮುಗಿಯಿತು, ಮರುದಿನ ಸೂರ್ಯ ಮೂಡುವ ತನಕ ಅನ್ನವಿಲ್ಲ, ಹನಿ ನೀರೂ ಇಲ್ಲ. ಹೀಗಾಗಿ ಬೆಳಗಿನ ರೈಲಿಗೆ ಬೆಳಗಾವಿಗೆ ಬಂದವರು ನಾಲ್ಕರ ಸುಮಾರಿನ ಗಾಡಿಗೆ ಹೊರಟುಬಿಡುತ್ತಿದ್ದರು. ಬೇಸಿಗೆಯಲ್ಲಿ ಒಂದು ಮನೆ ಹೆಚ್ಚಿಗೆ ಮಾಡುತ್ತಿದ್ದರು, ಚಳಿಗಾಲದಲ್ಲಿ ಒಂದು ಮನೆ ಬಿಡುತ್ತಿದ್ದರು. ಏಜೆನ್ಸಿಯವರು ಮೊದಮೊದಲು ಗೊಣಗಿದರಂತೆ. ಆಮೇಲೆ ಅವರು ಒಮ್ಮೆ ಮುಟ್ಟಿದ ಮನೆಯಿಂದ ಮತ್ತೆ ತಕರಾರು ಬರುವುದಿಲ್ಲ ಎಂದು ಗೊತ್ತಾಗಿ ಸುಮ್ಮನಾದರಂತೆ.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಬೇರೆ ಹುಡುಗರು ಬಂದರೆ ನೇರವಾಗಿ ಪೆಟ್ಟಿಗೆಯ ಮುಂದೆ ಕೂರುತ್ತಾರೆ. ಇವರು ಪೆಟ್ಟಿಗೆಯ ಕಡೆ ನೋಡುತ್ತಲೇ ಇರಲಿಲ್ಲ. ಮೊದಲು ಮನೆಯೆಲ್ಲ ನಡೆಯುವುದು. ಕೈಯಲ್ಲಿ ಮೊಬೈಲು ಹಿಡಿದು ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು. ನಡುನಡುವೆ ನಿಂತು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುವುದು. ಕಲ್ಲೋ, ಇಟ್ಟಿಗೆಯೋ, ಮಣ್ಣೋ ಎಂದು ಸದ್ದಿನಲ್ಲೇ ಹೇಳುತ್ತಿದ್ದರು. ಆಮೇಲೆ ಯಾರು ಎಲ್ಲಿ ಕೂರುತ್ತೀರಿ, ಯಾವ ಹೊತ್ತಿಗೆ ಕೂರುತ್ತೀರಿ, ಎಲ್ಲಿ ಕೂತಾಗ ಸಿಟ್ಟು ಬರುತ್ತದೆ ಎಂದು ವಿಚಾರಣೆ. ನಾನು ಒಮ್ಮೆ ಬೇಸತ್ತು, "ಕಾಕಾ, ವೈಫೈ ರಿಪೇರಿಗೆ ಬಂದೀರೋ, ಹೆಣ್ಣು ನೋಡಾಕ ಬಂದೀರೋ?" ಎಂದು ಕೇಳಿದ್ದೆ.

"ಎರಡಕ್ಕೂ ಮನಿ ನೋಡಬೇಕವಾ," ಎಂದರು.

ಮನೆ ನೋಡಿದ್ದರಿಂದಲೇ ಅವರ ಹತ್ತಿರ ಕತೆಗಳ ಮೂಟೆ ಇತ್ತು. ಪಾರಿಶ್ವಾಡದಲ್ಲಿ ಒಬ್ಬರು ನೆಟ್ ಬರುವುದಿಲ್ಲ ಎಂದು ವಾರಕ್ಕೆರಡು ಸಲ ಫೋನು ಮಾಡುತ್ತಿದ್ದರಂತೆ. ಹೋಗಿ ನೋಡಿದರೆ, ದುಬಾರಿ ಸಾಮಾನು ಎಂದು ಪೆಟ್ಟಿಗೆಯನ್ನು ಉಕ್ಕಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾರೆ. ತಂತಿ ಹೋಗಲು ಕಪಾಟಿನ ಬೆನ್ನಿಗೆ ತೂತು ಬೇರೆ ಕೊರೆಸಿದ್ದಾರೆ. ಇನ್ನೊಂದು ಮನೆಯಲ್ಲಿ ಖಂಡೇನವಮಿಗೆ ಪೆಟ್ಟಿಗೆಯನ್ನು ಪೂಜೆಗಿಟ್ಟು, ಗಾಳಿಯಾಡುವ ಸಂದುಗಳಿಗೆಲ್ಲ ವಿಭೂತಿ ಮೆತ್ತಿದ್ದರಂತೆ. ಕಾಕಾ ಅದನ್ನು ಒರೆಸದೆ, ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಸಂದು ಬಿಡಿಸಿ, ಮೇಲಿನ ಮೂರು ಗೆರೆಗಳನ್ನು ಹಾಗೆಯೇ ಬಿಟ್ಟು ಬಂದರಂತೆ.

ಅವರ ಖಾಸಾ ಕೆಲಸವೆಂದರೆ ಪೆಟ್ಟಿಗೆಯೊಳಗಿನ ಎರಡು ಅಲೆಗಳನ್ನು ಬೇರ್ಪಡಿಸುವುದು. ಇದನ್ನು ನನಗೆ ಅವರು ತಿಳಿಸಿಕೊಟ್ಟಷ್ಟು ಸಲೀಸಾಗಿ ಯಾರೂ ತಿಳಿಸಿಲ್ಲ.

"ನೋಡ ತಂಗಿ, ಒಂದ ಪೆಟಗ್ಯಾಗಿಂದ ಎರಡ ಗಾಡಿ ಬಿಡ್ತಾವು. ಒಂದು ಎರಡು-ಪಾಯಿಂಟ್-ನಾಕು ಅಂತ. ಅದು ನಮ್ಮ ಪ್ಯಾಸೆಂಜರ್ ಇದ್ದಂಗ. ಸಾವಕಾಶ ಹೋಗತೈತಿ, ಆದ್ರ ದೂರ ಹೋಗತೈತಿ, ಸಣ್ಣ ಠೇಸನ್ನಿಗೂ ನಿಂದರತೈತಿ. ಇನ್ನೊಂದು ಐದು ಅಂತ. ಅದು ಎಕ್ಸ್‌ಪ್ರೆಸ್. ಭಾಳ ಜೋರ, ಆದ್ರ ಗ್ವಾಡಿ ಅಡ್ಡ ಬಂತಂದ್ರ ಅಲ್ಲೇ ಖಲಾಸ್. ಕಂಪನಿಯವರು ಏನ ಮಾಡ್ತಾರ, ಎರಡಕ್ಕೂ ಒಂದ ಬೋರ್ಡ್ ಬರದ ಬಿಡ್ತಾರ. ನಿನ್ನ ಫೋನಿಗೆ ತಾ ಯಾವ ಗಾಡ್ಯಾಗ ಕುಂತೇನಿ ಅನ್ನೂದ ಗೊತ್ತಿಲ್ಲ. ಅರ್ಧ ದಾರ್ಯಾಗ ಇದರಿಂದ ಇಳಿದು ಅದನ್ನ ಹತ್ತಾಕ ಹೋಗತೈತಿ. ಆವಾಗ ನಿನ್ನ ಮಾತ ಕಟ್ ಆಗತೈತಿ. ಎರಡಕ್ಕೂ ಬ್ಯಾರೆ ಬ್ಯಾರೆ ಬೋರ್ಡ್ ಹಚ್ಚಿ, ಯಾರು ಯಾವ ಗಾಡಿ ಹತ್ತಬೇಕು ಅಂತ ಹೇಳಿ ಬರೂದು, ಇಷ್ಟ ನನ್ನ ಕೆಲಸ."

ಆ ಬೋರ್ಡಿನ ಹೆಸರನ್ನು ಅವರು ತಾವಾಗಿ ಎಂದೂ ಇಡುತ್ತಿರಲಿಲ್ಲ. ಮನೆಯ ಹಿರಿಯ ಹೆಂಗಸನ್ನು ಕರೆದು ಕೇಳುತ್ತಿದ್ದರು. ಪೆಟ್ಟಿಗೆ ಯಾರದೇ ದುಡ್ಡಿನದಾಗಲಿ, ಹಗಲೆಲ್ಲ ಅದರ ಜೊತೆ ಮನೆಯಲ್ಲಿರುವವರು ಅವರೇ ಅಲ್ಲವೇ ಎಂಬುದು ಅವರ ವಾದ. ನಂದಗಡದ ಅಜ್ಜಿಯೊಬ್ಬರು ತಮ್ಮ ಎರಡು ಎಮ್ಮೆಗಳ ಹೆಸರು ಕೊಟ್ಟರಂತೆ. ಖಾನಾಪುರದ ಮರಾಠಿ ಮನೆಯೊಂದರಲ್ಲಿ ಥೋರಲಾ, ಧಾಕಟಾ ಎಂದಾಯಿತಂತೆ, ಹಿರಿಯವನು ಮತ್ತು ಕಿರಿಯವನು. ಯಾವ ಹೆಸರಿಗೂ ಅವರು ನಗುತ್ತಿರಲಿಲ್ಲ. ಕನ್ನಡಕ ಏರಿಸಿ, ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತಿ, ಸರಿಯಾಯಿತೇ ಎಂದು ಆ ಹೆಂಗಸಿಗೆ ಓದಿ ಹೇಳಿ, ಆಮೇಲೆ ಮುಂದಿನ ಕೆಲಸ.

ಇನ್ನು ನಮ್ಮವ್ವನ ಮಾತಿಗೆ ಬರುತ್ತೇನೆ, ಯಾಕೆಂದರೆ ಕಾಕಾ ನಮ್ಮ ಮನೆಗೆ ಬಂದದ್ದೇ ಅವಳ ಸಲುವಾಗಿ.

ಬೆಳಗಾವಿಯ ಶಹಾಪುರದ ನಮ್ಮ ಮನೆ ಅಗಲ ಕಡಿಮೆ, ಉದ್ದ ಬಹಳ. ಬೀದಿಯ ಕಡೆ ಪಡಸಾಲೆ, ನಡುವೆ ನಡುಮನೆ, ಕೊನೆಗೆ ಹಿತ್ತಲ ಕೋಣೆ. ಒಂದೊಂದು ಗೋಡೆ ಒಂದೊಂದು ಮೊಳ ದಪ್ಪ. ನಾನು ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು, ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅವ್ವ ಐವತ್ತು ವರ್ಷದಿಂದ ಕಸೂತಿ ಹಾಕುತ್ತಾಳೆ. ಸೀರೆಯ ಮೇಲೆ ಗೋಪುರ, ಆನೆ, ನವಿಲು. ಬಟ್ಟೆಗೆ ಬರೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ, ಬರೀ ಎಳೆ ಎಣಿಸಿಕೊಂಡು ಹೋಗುವುದು. ಅದರಲ್ಲಿ ಗವಂತಿ ಅಂತ ಒಂದು ಹೊಲಿಗೆ. ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬಬೇಕು. ಸರಿಯಾಗಿ ಹಾಕಿದರೆ ಬಟ್ಟೆಯ ಈ ಬದಿ, ಆ ಬದಿ ಎರಡೂ ಒಂದೇ. ಒಂದು ಎಳೆ ತಪ್ಪಿದರೆ ಇಡೀ ಗೋಪುರ ಓರೆಯಾಗುತ್ತದೆ.

ಇದನ್ನು ಕಲಿಸುತ್ತೀಯಾ ಎಂದು ಅವಳನ್ನು ಹುರಿದುಂಬಿಸಿದವಳು ನಾನೇ. ಫೋನಿನ ಗುಂಪುಗಳಲ್ಲಿ, ಭಾನುವಾರ ಸಂಜೆ ವಿಡಿಯೊ ಕ್ಲಾಸು ಎಂದು ಹಾಕಿದೆ. ಪುಣೆಯಿಂದ, ಮೈಸೂರಿನಿಂದ, ಹುಬ್ಬಳ್ಳಿಯಿಂದ, ರತ್ನಾಗಿರಿಯಿಂದ ಹೆಂಗಸರು ಹೆಸರು ಕೊಟ್ಟರು. ಅವ್ವ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಹೊಸ ಸೀರೆ ಉಟ್ಟು, ಬಟ್ಟೆಯ ಮೇಲೆ ಫೋನು ನೇತುಹಾಕಿದ ಸ್ಟ್ಯಾಂಡಿನ ಕೆಳಗೆ ಕೂತಳು.

ಮೊದಲನೆಯ ಕ್ಲಾಸು ಶುರುವಾಯಿತು. ಹತ್ತು ನಿಮಿಷ ನಡೆಯಿತು. ಆಮೇಲೆ ಚಿತ್ರ ನಿಂತಿತು, ಓಡಿತು, ಮತ್ತೆ ನಿಂತಿತು. ಒಬ್ಬೊಬ್ಬರೇ ಹೊರಬಿದ್ದರು. ನಾನು ಪಡಸಾಲೆಯಲ್ಲಿ ಪೆಟ್ಟಿಗೆಯ ಜೊತೆ ಗುದ್ದಾಡುತ್ತಿದ್ದೆ. ಫೋನಿನ ಪರದೆ ಕಣ್ಣಿಗೆ ಕಾಣದ ಹಾಗೆ ಮೇಲೆ ನೇತಾಡುತ್ತಿದ್ದುದರಿಂದ ಅವ್ವನಿಗೆ ಏನೂ ಗೊತ್ತಾಗಲಿಲ್ಲ. ಎಲ್ಲರೂ ಹೋದ ಮೇಲೂ ಅವಳು ಇಪ್ಪತ್ತು ನಿಮಿಷ, ಯಾರೂ ಇಲ್ಲದ ಫೋನಿಗೆ, ನಿಧಾನವಾಗಿ, ಪ್ರೀತಿಯಿಂದ ಎಳೆ ಎಣಿಸಿ ತೋರಿಸಿದಳು. ನಾನು ಒಳಗೆ ಹೋಗಿ ನೋಡಿದಾಗ, "ತಿಳೀತೇನವಾ ಎಲ್ಲಾರ್ಗೂ?" ಎಂದು ಕೇಳುತ್ತಿದ್ದಳು.

ಅವಳು ಅಳಲಿಲ್ಲ. ಬಟ್ಟೆ ಮಡಚಿ ಟ್ರಂಕಿನಲ್ಲಿಟ್ಟಳು. ಎರಡು ದಿನ ಬಿಟ್ಟು, "ಇನ್ನೊಮ್ಮಿ ನೋಡೂಣು. ಆವಾಗೂ ಹಿಂಗ ಆತಂದ್ರ ಸಾಕ ಬಿಡು. ಈ ವಯಸ್ಸಿಗೆ ನನಗ ನಗಿಪಾಟಲ ಆಗೂದು ಬ್ಯಾಡ," ಎಂದಳು. ಅವ್ವ ಒಮ್ಮೆ ಸಾಕು ಎಂದರೆ ಸಾಕು. ಅಪ್ಪ ತೀರಿಕೊಂಡ ಮೇಲೆ ಹಾಡು ಸಾಕೆಂದವಳು ಮತ್ತೆ ಒಂದು ಸಾಲು ಹಾಡಿದವಳಲ್ಲ.

ಆಗ ಯಾರೋ ಹೇಳಿ ಕಾಕಾ ಬಂದರು. ನಡೆದರು, ತಟ್ಟಿದರು, ವಿಚಾರಿಸಿದರು. ನಾನು ಮೊದಲೇ ತೀರ್ಪು ಕೊಟ್ಟಿದ್ದೆ. "ಅವ್ವಾ ಪಡಸಾಲ್ಯಾಗ ಪೆಟಗಿ ಬಾಜು ಕುಂತ್ರ ಮುಗೀತಲ್ರಿ. ಆಕಿ ಹಿತ್ತಲ ಖೋಲ್ಯಾಗ ಕುಂದರತೇನಿ ಅಂತ ಹಟಾ ಹಿಡದಾಳ."

ಕಾಕಾ ಅವ್ವನನ್ನು ಕೇಳಿದರು. "ಯಾಕ್ರಿ ಅಕ್ಕಾರ, ಹಿತ್ತಲದಾಗ ಏನೈತಿ?"

"ಬಿಸಿಲ ಐತ್ರಿ ಅಣ್ಣಾರ. ಹಿತ್ತಲ ಬಾಗಲಾ ಪಡುವಣಕ್ಕೈತಿ. ಸಂಜಿ ಬಿಸಿಲ ಬಟ್ಟಿ ಮ್ಯಾಲ ಅಡ್ಡ ಬಿತ್ತಂದ್ರ ಎಳಿ ಒಂದೊಂದ ಎದ್ದ ಕಾಣತಾವು. ದೀಪದ ಬೆಳಕಿಗೆ ಹಂಗ ಕಾಣಂಗಿಲ್ಲ."

ಕಾಕಾ ನನ್ನ ಕಡೆ ತಿರುಗಿ, "ಅವರು ಅಲ್ಲೇ ಕುಂದರಲಿ. ಪೆಟಗಿಗೇನ, ಕಾಲಿಲ್ಲ ಅಂತ ನಾವ ಎತ್ತಿಡೂಣು," ಎಂದರು.

ಎರಡನೆಯ ಕ್ಲಾಸಿನ ಭಾನುವಾರ ರಜೆಯಿದ್ದರೂ ಬೆಳಗಿನ ಗಾಡಿಗೇ ಬಂದರು. ಪಡಸಾಲೆಯಿಂದ ಗೋಡೆಗುಂಟ ತಂತಿ ಎಳೆದು, ಪೆಟ್ಟಿಗೆಯನ್ನು ನಡುಮನೆಯ ಗೂಡಿನಲ್ಲಿ, ಹಿತ್ತಲ ಕೋಣೆಯ ಬಾಗಿಲಿಗೆ ನೇರವಾಗಿ ಕೂರಿಸಿದರು. ಅಲೆಗಳನ್ನು ಬೇರ್ಪಡಿಸಿದರು. ಜೋರಿನ ಐದನ್ನು ಅವ್ವನ ಫೋನಿಗೆ ಮಾತ್ರ ಮೀಸಲಿಟ್ಟು, ಆ ಫೋನಿನಿಂದ ಇನ್ನೊಂದರ ನೆನಪನ್ನೇ ಅಳಿಸಿದರು. ಟೀವಿ, ನನ್ನ ಫೋನು, ಉಳಿದದ್ದೆಲ್ಲ ಎರಡು-ಪಾಯಿಂಟ್-ನಾಲ್ಕಕ್ಕೆ. ಹೆಸರು ಕೇಳಿದಾಗ ಅವ್ವ ಯೋಚಿಸಲೂ ಇಲ್ಲ. ಚೂಪಾಗಿ ಹತ್ತಿರ ಹೋಗುವುದು ಸೂಜಿ, ಉದ್ದಕ್ಕೆ ಎಳೆದರೆ ಬರುವುದು ದಾರ.

"ಛಲೋ ಅದಾವ್ರಿ," ಎಂದರು ಕಾಕಾ. ಅವರ ಬಾಯಿಂದ ಅಂಥ ಮೆಚ್ಚುಗೆ ನಾನು ಅದೊಂದೇ ಸಲ ಕೇಳಿದ್ದು.

ಮೂರೂವರೆಗೆಲ್ಲ ಪರೀಕ್ಷೆ ಮುಗಿದು, ಅವರು ಗಾಡಿ ಹಿಡಿಯಲು ಸ್ಟೇಷನ್ನಿಗೆ ಹೊರಟರು. ಕ್ಲಾಸು ನಾಲ್ಕೂವರೆಗೆ. ಇಲ್ಲಿ ನನ್ನ ಪ್ರತಾಪ ಹೇಳಬೇಕು.

ನಾಲ್ಕು ಗಂಟೆಗೆ, ಭಾನುವಾರವಾದರೂ, ಆಫೀಸಿನಿಂದ ಒಂದು ವೇಳಾಪಟ್ಟಿ ಕಳಿಸು ಎಂದು ಸಂದೇಶ ಬಂತು. ಲ್ಯಾಪ್‌ಟಾಪ್ ತೆಗೆದೆ. ಅದು ಹಳೆಯ ಹೆಸರಿನ ವೈಫೈ ಹುಡುಕುತ್ತ ಕೂತಿತು. ಹಳೆಯ ಹೆಸರು ಎಲ್ಲಿಂದ ಬರಬೇಕು, ಬೆಳಿಗ್ಗೆ ತೆಗೆದದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಆದರೆ ಸಿಟ್ಟು ಬಂದಾಗ ನನ್ನ ತಲೆ ಓಡುವುದಿಲ್ಲ, ಕೈ ಓಡುತ್ತದೆ. ಪೆಟ್ಟಿಗೆ ಕೆಟ್ಟಿತು ಎಂದುಕೊಂಡೆ. ಹಿಂದೊಮ್ಮೆ ಫೋನಿನಲ್ಲಿ ಯಾರೋ ಹೇಳಿಕೊಟ್ಟ ವಿದ್ಯೆ ನೆನಪಾಗಿ, ತಲೆಯಿಂದ ಪಿನ್ನು ತೆಗೆದು, ಪೆಟ್ಟಿಗೆಯ ಬೆನ್ನಿನಲ್ಲಿ ರೀಸೆಟ್ ಎಂದು ಬರೆದ ಸಣ್ಣ ತೂತಿಗೆ ಚುಚ್ಚಿ ಹಿಡಿದೆ. ದೀಪಗಳೆಲ್ಲ ಒಮ್ಮೆಲೇ ಆರಿದವು. ಮತ್ತೆ ಹತ್ತಿದಾಗ ಸೂಜಿಯೂ ಇಲ್ಲ, ದಾರವೂ ಇಲ್ಲ. ಕಂಪನಿಯ ಆ ಹಳೆಯ ಒಂಟಿ ಹೆಸರು ಹಲ್ಲು ಕಿರಿಯುತ್ತಿತ್ತು, ಮತ್ತು ಕೆಂಪು ದೀಪ.

ಹಿತ್ತಲ ಕೋಣೆಯಲ್ಲಿ ಅವ್ವ ಸೂಜಿಗೆ ದಾರ ಪೋಣಿಸಿಕೊಂಡು ಸಿದ್ಧವಾಗಿದ್ದಳು. ಪಿಸುದನಿಯಲ್ಲಿ ಕಾಕಾಗೆ ಫೋನು ಹಚ್ಚಿದೆ. ಪ್ಲಾಟ್‌ಫಾರ್ಮಿನ ಗದ್ದಲ ಕೇಳಿಸುತ್ತಿತ್ತು.

"ತಂಗೀ, ಸಣ್ಣ ತೂತಿಗೆ ಏನರ ಚುಚ್ಚಿದೇನ?"

"ಹೂಂ, ಕಾಕಾ."

"ಗಾಡಿ ಬಂದ ನಿಂತೈತಿ," ಎಂದರು.

"ಹತ್ತಬ್ಯಾಡ್ರಿ, ಕೈ ಮುಗೀತೇನಿ. ಇವತ್ತ ತಪ್ಪಿದ್ರ ಅವ್ವಾ ಮತ್ತ ಕುಂದರಂಗಿಲ್ಲ."

ನಾಲ್ಕು ಮೂವತ್ತೈದಕ್ಕೆ ಆಟೋ ಬಾಗಿಲಿಗೆ ಬಂತು. ಕಾಕಾ ಚಪ್ಪಲಿ ಬಿಟ್ಟು ನೇರ ನಡುಮನೆಗೆ ಬಂದರು. ಗೂಡಿನ ಮುಂದೆ ಕೂತು ಕನ್ನಡಕ ಏರಿಸಿದರು. ಬೆರಳು ಮಾತ್ರ ಓಡುತ್ತಿದ್ದವು. ಇತ್ತ ನಾನು ನನ್ನ ಫೋನಿನ ಸ್ವಂತ ನೆಟ್ಟಿನಿಂದ, ಹತ್ತು ನಿಮಿಷ ತಡವಾಗುತ್ತದೆ, ದಯವಿಟ್ಟು ಇರಿ ಎಂದು ಎಲ್ಲರಿಗೂ ಸಂದೇಶದ ಮೇಲೆ ಸಂದೇಶ ಕಳಿಸುತ್ತಿದ್ದೆ. ಕೆಂಪು ದೀಪ ಹೋಗಿ ಹಸಿರು ಬಂತು. ಮೊದಲು ದಾರ ಕಾಣಿಸಿತು. ಒಂದು ನಿಮಿಷ ಬಿಟ್ಟು ಸೂಜಿ. ಐದಕ್ಕೆ ಹತ್ತು ನಿಮಿಷ ಇರುವಾಗ ಅವ್ವನ ಕೈ ಮತ್ತು ಬಟ್ಟೆ ಹನ್ನೊಂದು ಮನೆಗಳಲ್ಲಿ ಒಮ್ಮೆಲೇ ಮೂಡಿದವು.

ಎಂಥ ಚಿತ್ರ ಅದು! ಬಟ್ಟೆಯ ಎಳೆಗಳನ್ನು ಎಣಿಸಬಹುದಿತ್ತು. ಸೂಜಿಯ ಮೂತಿಯ ಮೇಲೆ ಬಿಸಿಲಿನ ಕಿಡಿ ಕಾಣುತ್ತಿತ್ತು. ಪುಣೆಯ ಹೆಂಗಸು "ವಾ" ಎಂದದ್ದು ನಮ್ಮ ಕೋಣೆಯಲ್ಲಿ ಕೇಳಿಸಿತು. ಅವ್ವ ಮೊದಲೈದು ನಿಮಿಷ ತಡವರಿಸಿದಳು, ಆಮೇಲೆ ಅವಳ ಕೈಗೆ ಅವಳ ಹಾದಿ ಸಿಕ್ಕಿತು. ಈ ಸಲ ನಾನು ನನ್ನ ಫೋನನ್ನೂ ಅವಳ ಎದುರಿಗೇ ನಿಲ್ಲಿಸಿದ್ದೆ, ಹನ್ನೊಂದು ಮುಖಗಳು ಅವಳಿಗೆ ಕಾಣಲಿ ಎಂದು. ಯಾರು ಎಲ್ಲಿ ತಪ್ಪಿದರು ಎಂದು ಅವಳು ನೋಡಿ ನೋಡಿ ಹೇಳುತ್ತಿದ್ದಳು. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು.

ಕಾಕಾ, "ಐದ ನಿಮಿಷ ನೋಡಿ ಹೋಗತೇನಿ," ಎಂದವರು ನಡುಮನೆಯ ನೆಲದ ಮೇಲೆ, ಪೆಟ್ಟಿಗೆಗೆ ಮುಖ ಮಾಡಿ ಕೂತೇ ಇದ್ದರು. ಇನ್ನೊಂದು ಗಾಡಿ ಇರಲಿಲ್ಲ. ಐದಕ್ಕೆ ಬಸ್ಸು ಹಿಡಿದಿದ್ದರೆ ಹೇಗೋ ಹೊತ್ತಿನೊಳಗೆ ಖಾನಾಪುರ ಮುಟ್ಟಬಹುದಿತ್ತು. ಹಿಡಿಯಲಿಲ್ಲ. ಐದೂವರೆಗೆ ನನಗೆ ಅವರ ಊಟದ ಯೋಚನೆ ಬಂತು. ಡಿಸೆಂಬರ್ ತಿಂಗಳು, ಆರರ ಹೊತ್ತಿಗೆ ಸೂರ್ಯ ಇರುವುದಿಲ್ಲ. ಅವರು ಉಂಡದ್ದು ಬೆಳಿಗ್ಗೆ ಮನೆ ಬಿಡುವಾಗ.

"ಕಾಕಾ, ಒಳಗ ರೊಟ್ಟಿ ಅದಾವು. ಎರಡ ತಿನ್ರಿ, ಏಳ್ರಿ."

"ಬ್ಯಾಡವಾ. ಉಣ್ಣಾಕ ಕುಂತ್ರ ನಾ ಮಾತಾಡಂಗಿಲ್ಲ, ನಡುವ ಏಳಂಗೂ ಇಲ್ಲ. ಅದು ನಮ್ಮ ನೇಮ. ಅಷ್ಟರಾಗ ಇದು ಕೈ ಕೊಟ್ಟರ ಏನ ಮಾಡ್ತಿ? ಪಿನ್ ಚುಚ್ಚತೀಯೇನ?"

ನಾನು ಪಿನ್ನನ್ನು ತಲೆಗೆ ಇನ್ನಷ್ಟು ಒತ್ತಿ ಸಿಕ್ಕಿಸಿಕೊಂಡೆ.

"ಪಾಠ ಮುಗೀಲಿ. ಒಂದ ದಿನ ಉಪಾಸ ಇದ್ದರ ಏನೂ ಆಗಂಗಿಲ್ಲ ನನಗ."

ಬಾಗಿಲು ತೆರೆದೇ ಇತ್ತು. ಹಿತ್ತಲ ಕೋಣೆಯಲ್ಲಿ ಅವ್ವ, "ಆರ ಎಳಿ ಆತು, ಈಗ ಏಳನೇ ಎಳಿಗೆ ಸೂಜಿ ಮ್ಯಾಲ ತಗೀರಿ," ಎನ್ನುತ್ತಿದ್ದವಳು ಮಾತು ನಿಲ್ಲಿಸಿದಳು. ತಲೆ ಎತ್ತಿ ಹಿತ್ತಲ ಬಾಗಿಲಿನಾಚೆ ನೋಡಿದಳು. ಬಿಸಿಲು ಕೆಂಪಾಗಿ ಬಟ್ಟೆಯ ಅಂಚಿಗೆ ಬಂದಿತ್ತು. ಅವಳು ಸೂಜಿಯನ್ನು ಇದ್ದಲ್ಲೇ ಚುಚ್ಚಿಟ್ಟಳು.

"ತಂಗ್ಯಾರ, ಸೂಜಿ ಅಲ್ಲೇ ಇಡ್ರಿ. ನಮ್ಮ ಮನ್ಯಾಗ ಒಬ್ಬರು ಉಣ್ಣೂದೈತಿ. ಹೊತ್ತ ಮುಳುಗಿತಂದ್ರ ಅವರು ನಾಳಿತನಕ ನೀರೂ ಮುಟ್ಟಂಗಿಲ್ಲ. ಪಾಠ ನಡದಿದ್ರ ಅವರು ಏಳಂಗಿಲ್ಲ. ಅದಕ್ಕ ನಾನ ಏಳತೇನಿ. ಯಾರಿಗರ ಕೆಲಸ ಇದ್ರ ಹೋಗ್ರಿ, ನಾ ಬ್ಯಾಸರಾ ಮಾಡಕೊಳ್ಳಂಗಿಲ್ಲ."

ನಾನು ಓಡಿದೆ. "ಅವ್ವಾ, ಏನ ಮಾಡಾಕತ್ತಿ? ಎಲ್ಲಾರೂ ಹೋಗಿಬಿಡ್ತಾರ."

"ಹೋದ್ರ ಹೋಗ್ಲಿ."

ಅವಳಿಗೆ ಆ ಕ್ಲಾಸು ಎಂಥದೆಂದು ನನಗೆ ಗೊತ್ತು. ಆದರೆ ಅವಳು ಆಗಲೇ ಅಡುಗೆಮನೆ ಹೊಕ್ಕಿದ್ದಳು. ಪಲ್ಯದಲ್ಲಿ ಜೈನರು ಉಣ್ಣದ ಉಳ್ಳಾಗಡ್ಡಿ ಇತ್ತೆಂದು ಅದನ್ನು ದೂರ ಸರಿಸಿ, ಮೂರು ರೊಟ್ಟಿ, ತುಪ್ಪ, ಬೆಲ್ಲ ಇಟ್ಟು ನಡುಮನೆಗೆ ತಂದಳು.

"ಅಕ್ಕಾರ, ಇದೇನ್ರಿ? ಪಾಠ ಬಿಟ್ಟ ಎದ್ದ ಬಂದೀರಿ? ಮಂದಿ ಇರೂದಿಲ್ರಿ."

"ಕೈ ತೊಳಕೊಂಡ ಬರ್ರಿ ಅಣ್ಣಾರ. ಹೊತ್ತಿಲ್ಲ."

ಒಲ್ಲೆ ಅನ್ನುವ ರೂಢಿ ಕಾಕಾಗೆ ನಿಜಕ್ಕೂ ಇರಲಿಲ್ಲ. ಕೈ ತೊಳೆದು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡು, ರೊಟ್ಟಿ ಮುರಿದರು. ಅಲ್ಲಿಂದ ಮಾತು ಬಂದ್.

ನಾನು ಫೋನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಪರದೆಯ ಮೇಲೆ ಅವ್ವನ ಬಟ್ಟೆ, ಅರ್ಧ ಗೋಪುರ, ನಿಂತ ಸೂಜಿ. ಸುತ್ತ ಹನ್ನೊಂದು ಚೌಕಗಳು. ಒಂದು ನಿಮಿಷ. ಎರಡು. ಮೈಸೂರಿನವರ ಚೌಕ ಕಪ್ಪಾಯಿತು, ನಾನು ಪರದೆಯ ಮೇಲೆ ಬಾಗಿದೆ. ನೀರು ಕುಡಿದು ಬಂದರೋ ಏನೋ, ಮತ್ತೆ ಬೆಳಗಿತು. ನಡುಮನೆಯಲ್ಲಿ ಕಾಕಾ ಅಗಿಯುತ್ತಲೇ ಪೆಟ್ಟಿಗೆಯ ಹಸಿರು ದೀಪದಿಂದ ಕಣ್ಣು ಕೀಳದೆ, ಎಡಗೈಯನ್ನು ನನ್ನ ಕಡೆ ತಿರುಗಿಸಿ ಅಲ್ಲಾಡಿಸಿದರು. ಎಷ್ಟು ಮಂದಿ ಇದ್ದಾರೆ ಎಂದು ಕೇಳುತ್ತಿದ್ದಾರೆ. ನಾನು ಎರಡೂ ಕೈಗಳ ಹತ್ತು ಬೆರಳು ತೋರಿಸಿ, ಮತ್ತೆ ಒಂದು ತೋರಿಸಿದೆ. ಅವರು ಎರಡನೆಯ ರೊಟ್ಟಿ ಮುರಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕೈ. ಮತ್ತೆ ಹತ್ತು, ಮತ್ತೆ ಒಂದು. ಅವ್ವ ಫೋನಿನ ಕಡೆ ನೋಡಲೇ ಇಲ್ಲ. ಅವರ ತಟ್ಟೆಯ ಪಕ್ಕ ಕೂತು ತುಪ್ಪದ ಬಟ್ಟಲು ಮುಂದೆ ಸರಿಸುತ್ತಿದ್ದಳು.

ಹನ್ನೆರಡು ನಿಮಿಷ. ಕಾಕಾ ಬಾಟಲಿ ಎತ್ತಿ ಕೊನೆಯ ಗುಟುಕು ನೀರು ಕುಡಿದು ಕೈ ತೊಳೆದಾಗ, ಹಿತ್ತಲ ಗೋಡೆಯ ಮೇಲೆ ಸೂರ್ಯನ ಅಂಚು ಇನ್ನೂ ಇತ್ತು.

ಅವ್ವ ಬಂದು ತನ್ನ ಜಾಗದಲ್ಲಿ ಕೂತಳು. ಆಗ ಪರದೆಯ ಕಡೆ ನೋಡಿದಳು. ಹನ್ನೊಂದು ಮಂದಿಯೂ ಸೂಜಿ ನಿಲ್ಲಿಸಿಕೊಂಡು ಹಾಗೆಯೇ ಕೂತಿದ್ದರು. ಹುಬ್ಬಳ್ಳಿಯ ಹೆಣ್ಣುಮಗಳು, "ಅವರದು ಊಟ ಆತೇನ್ರಿ?" ಎಂದು ಕೇಳಿದಳು.

"ಆತವಾ. ಮೂರೂ ರೊಟ್ಟಿ ಉಂಡರು." ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಬಟ್ಟೆಯನ್ನು ಹತ್ತಿರಕ್ಕೆ ಎಳೆದಳು. ಆ ಗಾಬರಿಯಲ್ಲಿ ಅವಳಿಗೆ ಎಣಿಕೆ ತಪ್ಪಿತ್ತು.

"ಎಲ್ಲಿಗೆ ನಿಂದರಿಸಿದ್ವಿ ನಾವು?"

ಹನ್ನೊಂದು ಹೆಂಗಸರು ಬಾಯಿ ತೆರೆಯುವ ಮೊದಲೇ ನಡುಮನೆಯಿಂದ ಕಾಕಾನ ದನಿ ಬಂತು.

"ಏಳನೇ ಎಳೀರಿ, ಅಕ್ಕಾರ."